ಕಪ್ಪುಕುಳಿಯೂ ಗೆಲಾಕ್ಸಿಯ ಬೆಳವಣಿಗೆಯೂ
(ಹೊಸಪೇಟೆಯಲ್ಲಿ ಮಾಡಿದ ಭಾಷಣ)



ಚಂದ್ರನಿಲ್ಲದ ರಾತ್ರಿ ಹಂಪಿಯ ಬಂಡೆಯ ಮೇಲೆ ನಿಂತರೆ ಆಕಾಶದಲ್ಲೊಂದು ಬೆಳ್ಳನೆಯ ಪಟ್ಟೆ ಕಾಣುತ್ತದೆ. ಅದೇ ಆಕಾಶಗಂಗೆ, ನಾವಿರುವ ಗೆಲಾಕ್ಸಿ. ಅದರ ನಟ್ಟನಡುವೆ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, 40 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿಯಿದೆ. ಬೆಳಕೂ ಹೊರಬರಲಾರದ ಜಾಗವದು. ಸುತ್ತಲಿನ ನಕ್ಷತ್ರಗಳ ಓಟವನ್ನು ವರ್ಷಗಟ್ಟಲೆ ಅಳೆದು ಇದನ್ನು ಪತ್ತೆಹಚ್ಚಿದ ಗೆಂಜೆಲ್, ಘೆಜ್ ಇಬ್ಬರಿಗೂ 2020ರಲ್ಲಿ ನೊಬೆಲ್ ಬಂದಿತು.

ಇದು ಪರದೇಶದವರ ವಿದ್ಯೆಯೆಂದು ತಿಳಿಯಬೇಡಿ. ಕಪ್ಪುಕುಳಿಯನ್ನು ಅಲುಗಿಸಿದರೆ ಗಂಟೆಯಂತೆ ಮಿಡಿದು ಅಡಗುತ್ತದೆಂದು 1970ರಲ್ಲೇ ಲೆಕ್ಕಹಾಕಿ ತೋರಿಸಿದವರು ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರು. ಅಲ್ಲಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರೂ ಅವರೇ.

ಇನ್ನು ಮುಖ್ಯ ವಿಷಯ. ಕಪ್ಪುಕುಳಿ ಎಲ್ಲವನ್ನೂ ನುಂಗುತ್ತದೆಂಬ ಮಾತು ಸುಳ್ಳು. ಗೆಲಾಕ್ಸಿಯ ನಡುವಣ ಉಬ್ಬಿನಲ್ಲಿರುವ ನಕ್ಷತ್ರಗಳ ತೂಕಕ್ಕೆ ಹೋಲಿಸಿದರೆ ಅದು ಸಾವಿರಕ್ಕೆ ಒಂದೆರಡು ಪಾಲಿನ ಆಸುಪಾಸು. ಆದರೂ ಉಬ್ಬು ದೊಡ್ಡದಾದಲ್ಲಿ ಕುಳಿಯೂ ದೊಡ್ಡದೇ. ಇಷ್ಟು ಸಣ್ಣದಕ್ಕೂ ಅಷ್ಟು ದೊಡ್ಡದಕ್ಕೂ ಏನು ನಂಟು?

ಕಂಪ್ಲಿಯ ಕಡೆಯ ಆಲೆಮನೆಯನ್ನು ನೆನೆಯಿರಿ. ಕೊಪ್ಪರಿಗೆಯ ಪಾಕ ಆರಿದರೆ ತಾನೇ ಬೆಲ್ಲದ ಅಚ್ಚು ಕೂರುವುದು? ನಕ್ಷತ್ರವೂ ಹಾಗೆಯೇ. ಅನಿಲ ತಣಿದು ಕುಸಿದರೆ ಮಾತ್ರ ಹುಟ್ಟುತ್ತದೆ. ಕುಳಿಯತ್ತ ಜಾರುವ ಅನಿಲವೋ ಗಿರ್ರನೆ ಸುತ್ತಿ, ತಿಕ್ಕಾಡಿ, ವಿಪರೀತ ಕಾದು, ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟನ್ನು ಶಕ್ತಿಯಾಗಿ ಹೊರಚೆಲ್ಲಬಲ್ಲದು. ಸೂರ್ಯನ ಒಲೆಯಲ್ಲಿ ನೂರಕ್ಕೊಂದು ಪಾಲೂ ಹಾಗಾಗದು! ಆ ಬಿಸಿ, ಆ ಬಿರುಗಾಳಿ, ಸುತ್ತಲಿನ ಅನಿಲವನ್ನು ಆರಗೊಡುವುದಿಲ್ಲ. ಕೆಲವೆಡೆ ಗೆಲಾಕ್ಸಿಯಿಂದಾಚೆಗೇ ತಳ್ಳುತ್ತದೆ. ಹೊಸ ನಕ್ಷತ್ರಗಳ ಹುಟ್ಟು ನಿಲ್ಲುತ್ತದೆ. ಕುಳಿಯ ಅನ್ನವೂ ಹಾರಿಹೋಗಿ ಅದರ ಬೆಳವಣಿಗೆಯೂ ನಿಲ್ಲುತ್ತದೆ. 2019ರಲ್ಲಿ ಚಿತ್ರ ಪ್ರಕಟವಾದ ಎಂ 87ರ ಕುಳಿ 650 ಕೋಟಿ ಸೂರ್ಯರ ತೂಕದ್ದು. ಅದರಿಂದ ಚಿಮ್ಮಿದ ಧಾರೆ ಸಾವಿರಾರು ಜ್ಯೋತಿರ್ವರ್ಷ ಉದ್ದವಿದೆ. ಆ ಗೆಲಾಕ್ಸಿಯಲ್ಲಿ ಹೊಸ ನಕ್ಷತ್ರಗಳು ಹುಟ್ಟುವುದು ಬಹಳ ಕಡಿಮೆ.

ಇದನ್ನು ಒಬ್ಬನ ತಿಜೋರಿಯಲ್ಲಿ ಕೂಡಿದ ಹಣಕ್ಕೆ ಹೋಲಿಸಲು ಕೆಲವು ಮಿತ್ರರಿಗೆ ಆಸೆಯಾದೀತು. ನಾನು ಹೋಲಿಸೆನು, ಆಕಾಶಕ್ಕೆ ಪಕ್ಷವಿಲ್ಲ.

ಕುಳಿ ಮೊದಲೋ ಗೆಲಾಕ್ಸಿ ಮೊದಲೋ ಎಂಬ ಜಗಳ ಇನ್ನೂ ತೀರಿಲ್ಲ. 2022ರಿಂದ ಕೆಲಸಮಾಡುತ್ತಿರುವ ಜೇಮ್ಸ್ ವೆಬ್ ದೂರದರ್ಶಕವು, ವಿಶ್ವ ಹುಟ್ಟಿದ ಮೊದಲ ನೂರು ಕೋಟಿ ವರ್ಷಗಳಲ್ಲೇ, ತಮ್ಮ ಗೆಲಾಕ್ಸಿಗೆ ಮೀರಿದ ತೂಕದ ಕುಳಿಗಳನ್ನು ಕಂಡಿದೆ.

ನಮಗೇನು ಸಂಬಂಧವೆಂದು ಕೇಳುತ್ತೀರಿ. ಸಂಡೂರಿನ ಅದಿರಿನಲ್ಲಿರುವ ಕಬ್ಬಿಣ ಹಿಂದೆ ಅಳಿದ ನಕ್ಷತ್ರಗಳಲ್ಲಿ ತಯಾರಾದದ್ದು. ಆ ನಕ್ಷತ್ರಗಳೂ, 460 ಕೋಟಿ ವರ್ಷದ ಹಿಂದೆ ನಮ್ಮ ಸೂರ್ಯನೂ ಹುಟ್ಟಲು ತಣ್ಣನೆಯ ಅನಿಲ ಉಳಿದಿರಬೇಕಾಗಿತ್ತು. ನಮ್ಮ ಕುಳಿ ಇಂದು ಬಹುಮಟ್ಟಿಗೆ ಉಪವಾಸವಿದೆ. ಆಕಾಶಗಂಗೆಯಲ್ಲಿ ಈಗಲೂ ವರ್ಷಕ್ಕೆ ಒಂದೆರಡು ಸೂರ್ಯರ ತೂಕದಷ್ಟು ಹೊಸ ನಕ್ಷತ್ರಗಳು ಹುಟ್ಟುತ್ತಿವೆ.