ದೊಡ್ಡಪ್ಪನ 31 ಕ್ಯಾಸೆಟ್ಟು ಮತ್ತು ನನ್ನ ಎಕ್ಸೆಲ್ ಶೀಟು

ಬಸ್ಸಲ್ಲೋ ಮೆಟ್ರೋದಲ್ಲೋ ಇದ್ರೆ ಇಯರ್‌ಫೋನ್ ಸರಿ ಮಾಡ್ಕೊಳ್ಳಿ. ಇವತ್ತು ಸ್ವಲ್ಪ ಹಳೇ ಸದ್ದುಗಳ ವಿಷಯ ಮಾತಾಡೋಣ.

ನಾನು ಓದಿದ್ದು ಬಿ.ಕಾಂ. ಅದರಿಂದ ಸಂಗೀತ ಬರಲಿಲ್ಲ, ಆದ್ರೆ ಲೆಕ್ಕ ಇಡೋ ಚಟ ಬಂತು. ನನ್ನ ಹತ್ರ ಇರೋ ಶಾಸ್ತ್ರೀಯ ಸಂಗೀತದ ಸಂಗ್ರಹಕ್ಕೂ ಒಂದು ಎಕ್ಸೆಲ್ ಶೀಟ್ ಇದೆ. ಏನು ಬಂತು, ಯಾವಾಗ ಬಂತು, ಎಷ್ಟು ಕೊಟ್ಟೆ, ಯಾವ ಸ್ಥಿತಿಯಲ್ಲಿದೆ ಅಂತ. ಕಳೆದ ಒಂದು ವರ್ಷದಲ್ಲಿ ಆ ಶೀಟಿಗೆ ಹೊಸ ಸಾಲುಗಳು ಸೇರಿವೆ. ಅದರಲ್ಲಿ ನಾಲ್ಕರ ಕತೆ ಇವತ್ತು ಹೇಳ್ತೀನಿ.

ಮೊದಲನೇದು, ಗೌಹರ್ ಜಾನ್ ಅವರ ಒಂದು 78 ಆರ್‌ಪಿಎಂ ರೆಕಾರ್ಡು. ಬೆಲೆ 2,500 ರೂಪಾಯಿ. ಸ್ಥಿತಿ ಅನ್ನೋ ಕಾಲಮ್ಮಲ್ಲಿ ‘ಅಂಚಲ್ಲಿ ಬಿರುಕು’ ಅಂತ ಬರ್ಕೊಂಡಿದೀನಿ. ಈ ರೆಕಾರ್ಡುಗಳನ್ನ ಮಾಡ್ತಿದ್ದಿದ್ದು ಅರಗು ಸೇರಿಸಿ, ಕೈ ಜಾರಿದ್ರೆ ಪಿಂಗಾಣಿ ತಟ್ಟೆ ಥರ ಒಡೆಯುತ್ತೆ. ನಿಮಿಷಕ್ಕೆ 78 ಸುತ್ತು. ಅಂದ್ರೆ ಬಿರುಕಿನ ಮೇಲೆ ಮುಳ್ಳು ಹಾದಾಗೆಲ್ಲ ಒಂದು ‘ಟಕ್’, ನಿಮಿಷಕ್ಕೆ 78 ಟಕ್!

ಭಾರತದಲ್ಲಿ ಹಾಡಿ ಧ್ವನಿಮುದ್ರಣ ಮಾಡಿದ ಮೊದಲಿಗರಲ್ಲಿ ಗೌಹರ್ ಜಾನ್ ಒಬ್ಬರು. 1902ರಲ್ಲಿ ಕಲ್ಕತ್ತಾದಲ್ಲಿ, ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುಂದೆ ಹಾಡಿದ್ರು. ಒಂದು ಬದಿಗೆ ಮೂರು ನಿಮಿಷ, ಅಷ್ಟೇ ಜಾಗ. ಅಷ್ಟರಲ್ಲೇ ಬಂದಿಶ್ ಹಾಡಿ, ತಾನ್ ಹೊಡೆದು, ಕೊನೆಗೆ ಇಂಗ್ಲಿಷಲ್ಲಿ ತಮ್ಮ ಹೆಸರು ಹೇಳಿ ಮುಗಿಸ್ತಾರೆ. ಹೆಸರು ಯಾಕೆ ಅಂದ್ರೆ, ಆಗ ಮುದ್ರಿಕೆಗಳು ಜರ್ಮನಿಗೆ ಹೋಗಿ ಅಲ್ಲಿ ಪ್ರೆಸ್ ಆಗ್ತಿದ್ವು. ಯಾರು ಹಾಡಿದ್ದು ಅಂತ ಅಲ್ಲಿಯವರಿಗೆ ಗೊತ್ತಾಗ್ಬೇಕಲ್ಲ!

[ಇಲ್ಲಿ 20 ಸೆಕೆಂಡಿನ ಧ್ವನಿ ತುಣುಕು ಇದೆ]

ಕೇಳಿಸ್ತಾ? ಇನ್ನೊಂದು ವಿಷಯ. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದ್ರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನ ಆಸ್ಥಾನಕ್ಕೆ ಕರೆಸ್ಕೊಂಡ್ರು. 1930ರ ಜನವರಿಯಲ್ಲಿ ಅವರು ತೀರಿಕೊಂಡಿದ್ದೂ ಮೈಸೂರಲ್ಲೇ.

ಎರಡನೇದು, ಉಸ್ತಾದ್ ಅಮೀರ್ ಖಾನ್ ಅವರ ಎಲ್‌ಪಿ. ಒಂದು ಬದಿ ಮಾರ್ವಾ, ಇನ್ನೊಂದು ಬದಿ ದರ್ಬಾರಿ. ಬೆಲೆ 1,800. ಎಲ್‌ಪಿ ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಜಾಗ ಸಿಕ್ತು. ಅಮೀರ್ ಖಾನ್ ಹಾಡ್ತಿದ್ದಿದ್ದು ಅತಿ ವಿಲಂಬಿತ್, ಅಂದ್ರೆ ತುಂಬಾ ತುಂಬಾ ನಿಧಾನ. ಮೂರು ನಿಮಿಷದ ತಟ್ಟೆಯಲ್ಲಿ ಅದನ್ನ ಕೂರಿಸೋಕೆ ಆಗ್ತಿರಲಿಲ್ಲ. ಮಾರ್ವಾ ಸೂರ್ಯ ಮುಳುಗೋ ಹೊತ್ತಿನ ರಾಗ. ಅದರಲ್ಲಿ ಷಡ್ಜವನ್ನ ಬೇಕಂತಲೇ ತಪ್ಪಿಸ್ತಾ, ಸತಾಯಿಸ್ತಾ ಹೋಗ್ತಾರೆ. ಕೊನೆಗೆ ‘ಸ’ ಬಂದಾಗ ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗಾಗುತ್ತೆ. ಒಂದ್ಸಲ ಸಂಜೆ ಹೊತ್ತಲ್ಲಿ, ಸ್ಕಿಪ್ ಮಾಡದೆ ಕೇಳಿ ನೋಡಿ.

ಮೂರನೇದಕ್ಕೆ ದುಡ್ಡು ಕೊಟ್ಟಿಲ್ಲ. ಹಿರಿಯ ಸಂಗ್ರಾಹಕರೊಬ್ಬರು ಪೆನ್‌ಡ್ರೈವಲ್ಲಿ ಹಾಕಿಕೊಟ್ಟಿದ್ದು. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಹಾಡುಗಳು. ಆಗಿನ ಲೇಬಲ್ಲಲ್ಲಿ ಅವರ ಹೆಸರು ಗಾಂಧಾರಿ. ನಮಗೆಲ್ಲ ಗೊತ್ತಿರೋದು ಅವರ ಆ ಗಡಸು, ತುಂಬು ದನಿ ತಾನೇ? ಇದರಲ್ಲಿ ಇರೋದು ಸಣ್ಣ, ಎತ್ತರದ ದನಿ. ಮುಂದೆ ಗಂಟಲಿಗೆ ಚಿಕಿತ್ಸೆ ಆದ ಮೇಲೆ ದನಿ ಪೂರ್ತಿ ಬದಲಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಹಾಡೋದೇ ಬಿಡ್ತಿದ್ರೇನೋ. ಅವರು ಆ ಹೊಸ ದನಿಯನ್ನೇ ತಮ್ಮದು ಮಾಡ್ಕೊಂಡ್ರು. ಹುಬ್ಬಳ್ಳಿಯಿಂದ ರೈಲಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ರ ಕಲಿತ ವಿದ್ಯೆ ಅದು. ಎರಡೂ ದನಿ ಪಕ್ಕಪಕ್ಕ ಇಟ್ಟು ಕೇಳಿದಾಗಲೇ ಅವರು ಎಷ್ಟು ದೂರ ನಡೆದು ಬಂದಿದ್ರು ಅಂತ ನನಗೆ ಅರ್ಥ ಆಗಿದ್ದು.

ಈಗ ನಾಲ್ಕನೇದು. ಇದಕ್ಕೋಸ್ಕರಾನೇ ಈ ಎಪಿಸೋಡು.

ಹುಬ್ಬಳ್ಳಿಯಲ್ಲಿ ನಮ್ಮ ದೊಡ್ಡಪ್ಪ ಇದ್ರು. ರೇಡಿಯೋದಲ್ಲಿ ಬರ್ತಿದ್ದ ಕಛೇರಿಗಳನ್ನ ಕ್ಯಾಸೆಟ್ಟಿಗೆ ತುಂಬಿಸೋದು ಅವರ ಹುಚ್ಚು. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅಂಥವರೆಲ್ಲ ಅದೇ ಊರಲ್ಲಿದ್ದೋರು. ಹಾಗಾಗಿ ದೊಡ್ಡಪ್ಪನಿಗೆ ಹಬ್ಬ.

ದೊಡ್ಡಪ್ಪ ತೀರಿಕೊಂಡು ಎರಡು ವರ್ಷ ಆದ ಮೇಲೆ ಮನೆಗೆ ಬಣ್ಣ ಹೊಡಿಸೋಕೆ ಶುರು ಮಾಡಿದ್ರು. ದೊಡ್ಡವ್ವ ನನಗೆ ಫೋನ್ ಮಾಡಿ, “ತಮ್ಮಾ, ನಿಮ್ಮ ದೊಡ್ಡಪ್ಪನ ಕ್ಯಾಸೆಟ್ ಎರಡು ಚೀಲ ಅದಾವ. ನಿನಗ ಬೇಕೇನ್ ನೋಡು” ಅಂದ್ರು. ನಾನು ಆಗ ಆಫೀಸಲ್ಲಿ ಮಾರ್ಚ್ ತಿಂಗಳ ಕೆಲಸದಲ್ಲಿ ಮುಳುಗಿದ್ದೆ. “ದೊಡ್ಡವ್ವ, ಅವೆಲ್ಲಾ ಈಗ ಆನ್‌ಲೈನ್‌ನ್ಯಾಗ ಸಿಗ್ತಾವ, ಬಿಡ್ರಿ” ಅಂದ್ಬಿಟ್ಟೆ.

ಮುಂದಿನ ಸಲ ಊರಿಗೆ ಹೋದಾಗ ಎರಡೂ ಚೀಲ ಗುಜರಿಗೆ ಹೋಗಿದ್ವು. ಟ್ರಂಕಿನ ತಳದಲ್ಲಿ ಸಿಕ್ಕಿದ್ದು 31 ಕ್ಯಾಸೆಟ್ಟು, ಜೊತೆಗೆ ಒಂದು ಉದ್ದನೆ ನೋಟ್‌ಬುಕ್ಕು. ಗೆರೆ ಹೊಡೆದು ನಂಬರ್, ತಾರೀಖು, ಯಾರು, ಯಾವ ರಾಗ ಅಂತ ನೀಟಾಗಿ ಬರೆದಿದ್ರು. ಒಟ್ಟು 212 ನಮೂದು.

ನಾನು ಓದಿದ ಭಾಷೆಯಲ್ಲಿ ಹೇಳ್ಬೇಕಂದ್ರೆ, ರಿಜಿಸ್ಟರಲ್ಲಿ 212 ಇದೆ, ಫಿಸಿಕಲ್ ವೆರಿಫಿಕೇಷನ್ ಮಾಡಿದ್ರೆ 31. ಉಳಿದ 181ರ ಹೆಸರು ಮಾತ್ರ ಇದೆ. ಅದನ್ನ ಕಳೆದೋನು ನಾನೇ, ಒಂದು ಫೋನ್ ಕಾಲಲ್ಲಿ.

ಆನ್‌ಲೈನಲ್ಲಿ ಹುಡುಕಿದೆ ಕೂಡ. ಅದೇ ಗಾಯಕರು ಸಿಗ್ತಾರೆ, ಅದೇ ರಾಗ ಸಿಗುತ್ತೆ, ಆದ್ರೆ ಆ ದಿನ ಸಿಗಲ್ಲ. ಖಯಾಲ್ ಗಾಯನದಲ್ಲಿ ಬಹುಪಾಲು ಆ ಕ್ಷಣದಲ್ಲೇ ಹುಟ್ಟೋದು. ಸೋಮವಾರದ ಭೀಮಪಲಾಸಿ ಬೇರೆ, ಶುಕ್ರವಾರದ್ದು ಬೇರೆ. ಆ್ಯಪ್‌ಗಳಲ್ಲಿ ಇರೋದು ಯಾರೋ ಹೊರಗೆ ಬಿಟ್ಟಿದ್ದು ಮಾತ್ರ. ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟು ಎಷ್ಟೋ ಸಲ ಇರೋದೇ ಒಂದು ಪ್ರತಿ.

ಉಳಿದಿದ್ದರಲ್ಲಿ ಒಂದು ರಾಜಗುರು ಅವರದ್ದು. ದೊಡ್ಡಪ್ಪನ ಹತ್ರ ಆಗ ಟೂ-ಇನ್-ಒನ್ ಇರಲಿಲ್ಲ. ರೇಡಿಯೋ ಎದುರು ಕ್ಯಾಸೆಟ್ ರೆಕಾರ್ಡರ್ ಇಟ್ಟು ತುಂಬಿಸ್ತಿದ್ರು. ಹಾಗಾಗಿ ಮನೆ ಸದ್ದೆಲ್ಲ ಒಳಗೆ ಸೇರಿದೆ. ದ್ರುತ್ ಶುರುವಾಗೋ ಹೊತ್ತಿಗೆ ಕುಕ್ಕರ್ ಸೀಟಿ. ಆಮೇಲೆ ದೊಡ್ಡಪ್ಪನ ದನಿ, “ಏ, ಅದನ್ನ ಇಳಸs!” ದೊಡ್ಡವ್ವನಿಗೆ ಫೋನಲ್ಲಿ ಕೇಳಿಸ್ದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಆ ಸೀಟಿ ನಂದs ನೋಡು. ಆವತ್ತ ಅವರು ಭಾಳ ಬೈದಿದ್ರು” ಅಂತ ನಕ್ಕರು. ಚೀಲದ ವಿಷಯ ಅವರು ಇವತ್ತಿಗೂ ಎತ್ತಿಲ್ಲ.

ಈಗ ಕೆಲಸದ ಮಾತು. ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ರೆ ಹೀಗೆ ಮಾಡಿ.

ಒಂದು, ತಕ್ಷಣ ಪ್ಲೇ ಒತ್ತಬೇಡಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡ್ರೆ ಹಾಕಲೇಬೇಡಿ, ಅದು ಪ್ಲೇಯರಿಗೂ, ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಹರಡುತ್ತೆ. ಚೆನ್ನಾಗಿದ್ರೆ ಮೊದಲು ಒಂದ್ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ.

ಎರಡು, ಕ್ಯಾಸೆಟ್ಟಿನ ಮೇಲಂಚಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚಿಪ್ಪು ಇರ್ತವೆ. ಮುರಿದು ಹಾಕಿ. ಆಮೇಲೆ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದ್ರೂ ಅಳಿಸಿ ಹೋಗಲ್ಲ.

ಮೂರು, ಪ್ಲೇಯರಿನ ಹೆಡ್ಡನ್ನ ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಕಂದು ಬಣ್ಣ ಹೋಗೋವರೆಗೂ.

ನಾಲ್ಕು, ಪ್ಲೇಯರಿಂದ ವೈರ್ ಎಳೆದು, ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪಿಗೆ ಕೊಡಿ. ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್ ಸಾಕು. ಎಂಪಿ3 ಬೇಡ, ವೇವ್ ಫೈಲಲ್ಲಿ ಉಳಿಸಿ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ಅಂದ್ರೆ 90 ನಿಮಿಷದ ಕ್ಯಾಸೆಟ್ಟಿಗೆ ಒಂದೂವರೆ ಜಿಬಿ ಚಿಲ್ಲರೆ. ನನ್ನ 31 ಕ್ಯಾಸೆಟ್ಟೂ ಒಂದು 64 ಜಿಬಿ ಪೆನ್‌ಡ್ರೈವಲ್ಲಿ ಕೂತವು. ಆದ್ರೆ ಇಟ್ಟಿರೋದು ಒಂದರಲ್ಲಲ್ಲ, ಮೂರು ಕಡೆ.

ಐದು, ಮೂಲ ಫೈಲಲ್ಲಿ ಗುಂಯ್ ಸದ್ದು ತೆಗೆಯೋಕೆ ಹೋಗ್ಬೇಡಿ. ಪ್ರತಿ ಮಾಡ್ಕೊಂಡು ಅದರ ಮೇಲೆ ಪ್ರಯೋಗ ಮಾಡಿ. ಕವರ್ ಮೇಲಿನ ಕೈಬರಹದ ಫೋಟೋನೂ ತೆಗೆದಿಡಿ.

ಮತ್ತೆ, ಸಿಕ್ಕಿದ್ದನ್ನೆಲ್ಲ ಇಂಟರ್ನೆಟ್ಟಿಗೆ ಏರಿಸೋ ಅವಸರ ಬೇಡ. ಕಲಾವಿದರಿಗೂ ಪ್ರಸಾರ ಮಾಡಿದವರಿಗೂ ಅದರ ಮೇಲೆ ಕಾನೂನಿನ ಹಕ್ಕಿದೆ. ಮೊದಲು ಉಳಿಸೋಣ.

90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷ ಕೂರಲೇಬೇಕು. ಫಾಸ್ಟ್ ಫಾರ್ವರ್ಡ್ ಇಲ್ಲ. ನಾನು ಭಾನುವಾರಕ್ಕೆ ಎರಡರಂತೆ ನಾಲ್ಕು ತಿಂಗಳು ಕೂತೆ. ದೊಡ್ಡಪ್ಪ ಇದ್ದಾಗ ಅವರ ಪಕ್ಕ ಅಷ್ಟು ಹೊತ್ತು ಒಂದು ದಿನವೂ ಕೂತಿರಲಿಲ್ಲ.

ಎಕ್ಸೆಲ್ ಶೀಟಲ್ಲಿ ಆ 31ರ ಬೆಲೆ ಸೊನ್ನೆ ಅಂತಲೇ ಇದೆ, ದುಡ್ಡು ಕೊಟ್ಟಿಲ್ಲವಲ್ಲ. ಅದರ ಕೆಳಗೆ ಕಳೆದುಹೋದ 181ನ್ನೂ ನೋಟ್‌ಬುಕ್ ನೋಡಿ ಒಂದೊಂದಾಗಿ ಟೈಪ್ ಮಾಡಿದೀನಿ. ಸ್ಥಿತಿ ಕಾಲಮ್ಮಲ್ಲಿ ‘ಇಲ್ಲ’. ಯಾರ ಮನೆಯಲ್ಲಾದ್ರೂ ಅದೇ ದಿನದ ಪ್ರಸಾರ ಸಿಕ್ಕಿದ್ರೆ ಆ ಸಾಲು ತಿದ್ದಬಹುದು ಅಂತ ಆಸೆ.

ಅದಕ್ಕೆ, ಈ ವಾರ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ, ಅಟ್ಟದ ಮೇಲೆ ಹಳೇ ಕ್ಯಾಸೆಟ್ ಏನಾದ್ರೂ ಇದ್ಯಾ ಅಂತ. ಇದ್ರೆ ನಾನು ಬರೋವರೆಗೂ ಯಾರಿಗೂ ಕೊಡ್ಬೇಡಿ ಅನ್ನಿ. ಏನು ಸಿಕ್ತು ಅಂತ ನನಗೂ ತಿಳಿಸಿ. ಮುಂದಿನ ವಾರ ಮತ್ತೆ ಸಿಗ್ತೀನಿ. ನಮಸ್ಕಾರ.