ಸಂಘದ ನೌಕರರೂ ನಾವೂ
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ನೆರೆ ತಾಲೂಕಿನ ಒಂದು ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿ ಕಾರಕೂನನಾಗಿ ಸೇರಿ ಕಾರ್ಯದರ್ಶಿಯಾಗಿ ನಿವೃತ್ತನಾದವನು. ಈಗ ಆ ಹುದ್ದೆಗೆ ಮುಖ್ಯ ಕಾರ್ಯನಿರ್ವಾಹಕ ಅಂತ ದೊಡ್ಡ ಹೆಸರು ಬಂದಿದೆ. ಹೆಸರು ಬೆಳೆದಷ್ಟು ಪಗಾರ ಬೆಳೆಯಲಿಲ್ಲ, ಆ ಮಾತು ಆಮೇಲೆ.

ನನಗೆ ಕೊಟ್ಟ ವಿಷಯ, ಬದಲಾದ ಕಾಲದಲ್ಲಿ ಸಿಬ್ಬಂದಿಯ ನಿರ್ವಹಣೆ. ಇದು ಹುಬ್ಬಳ್ಳಿಯ ಕಾರ್ಖಾನೆಗೋ ಬೆಂಗಳೂರಿನ ಕಂಪನಿಗೋ ಸೇರಿದ ಮಾತು, ನಾಲ್ಕು ಕುರ್ಚಿ ಒಂದು ತಿಜೋರಿ ಇರೋ ಸಂಘದಾಗ ನಿರ್ವಹಣೆ ಮಾಡೋದು ಏನೈತ್ರಿ ಅಂತ ನೀವು ಕೇಳಬಹುದು. ಕಂಪನಿಯ ಮ್ಯಾನೇಜರ್ ಸಂಜೆ ಬಾಗಿಲು ಹಾಕಿ ಹೋದರೆ ಮುಗೀತು. ನಾವು ಬೆಳಿಗ್ಗೆ ಬೈದ ಕಾರಕೂನನ ಮನೆಗೇ ಸಂಜೆ ಕುಬಸದ ಊಟಕ್ಕೆ ಹೋಗಬೇಕು. ಅಲ್ಲಿ ಅವನ ತಾಯಿ ನಮ್ಮ ತಾಟಿಗೆ ಹೋಳಿಗೆ ಬಡಿಸುವಾಗ ಮಾರಿ ಎತ್ತಿ ನೋಡಬೇಕು. ಅಷ್ಟು ಹತ್ತಿರದವರನ್ನು ದುಡಿಸಿಕೊಳ್ಳುವುದು ಸುಲಭದ ಕೆಲಸವಲ್ಲ.

ಸಹಕಾರ ಈ ಭಾಗಕ್ಕೆ ಹೊಸದಲ್ಲ. 1904ರಲ್ಲಿ ಕಾಯ್ದೆ ಬಂತು, 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಂಘ ಕಟ್ಟಿದರು. ಆಗ ಆ ಊರು ನಮ್ಮ ಧಾರವಾಡ ಜಿಲ್ಲೆಯದೇ, 1997ರಲ್ಲಿ ಗದಗ ಜಿಲ್ಲೆಯಾದಾಗ ಅತ್ತ ಹೋಯಿತು. ಅಲ್ಲಿಂದ ನನ್ನ ಕಾಲದವರೆಗೂ ಕಾರಕೂನನ ಕೆಲಸ ಹೆಚ್ಚು ಬದಲಾಗಲಿಲ್ಲ. ಖಿರ್ದಿ ಬರೆಯುವುದು, ಖತಾವಣಿಗೆ ಏರಿಸುವುದು, ಸಂಜೆ ಶಿಲ್ಕು ತಾಳೆ ನೋಡುವುದು, ಮಾರ್ಚ್ ಕೊನೆಗೆ ತೇರೀಜು ತೆಗೆಯುವುದು. ಅಕ್ಷರ ದುಂಡಗಿದ್ದು ಕೈ ಶುದ್ಧವಿದ್ದರೆ ಸಾಕಿತ್ತು.

ಈಗ ನೋಡಿರಿ. 2018ರಿಂದ ಗೊಬ್ಬರ ಕೊಡಬೇಕಾದರೆ ಮಷೀನಿನ ಮೇಲೆ ಹೆಬ್ಬೆರಳು ಒತ್ತಿಸಬೇಕು. ಎರಿ ಹೊಲದಾಗ ದುಡಿದು ಸವೆದ ಬೆರಳು ಮಷೀನಿಗೆ ಹತ್ತುವುದಿಲ್ಲ. ಹೆಸರು ಬಿತ್ತುವ ಕಾಲ, ಹೊರಗೆ ಸಾಲು ಹನುಮಪ್ಪನ ಗುಡಿಯ ತನಕ ನಿಂತಿರುತ್ತದೆ. ಬೈಸಿಕೊಳ್ಳುವವನು ಮಷೀನು ಮಾಡಿದವನಲ್ಲ, ಅದನ್ನು ಹಿಡಿದು ಕುಂತ ಹುಡುಗ. 2023ರಲ್ಲಿ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದಾಗಿ ಬಜೆಟ್ಟಿನಲ್ಲಿ ಸಾರಿದರು. ಮರುದಿನವೇ ಜನ ಬಂದು 'ನನ್ನ ಐದು ಲಕ್ಷ ಎಲ್ಲಿ' ಅಂದರು. ಮಿತಿ ಅಂದರೆ ಎಲ್ಲರಿಗೂ ಸಿಗುವ ಸಾಲವಲ್ಲ, ಅದು ಹೊಲ ಮತ್ತು ಬೆಳೆ ನೋಡಿ ಬರುತ್ತದೆ ಎಂದು ತಿಳಿಸಿ ಹೇಳುವ ಕೆಲಸ ಮತ್ತೆ ಅದೇ ಕಾರಕೂನನಿಗೆ. 2022ರಲ್ಲಿ ಕೇಂದ್ರ ಸರಕಾರ ದೇಶದ 63,000 ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಕಂಪ್ಯೂಟರ್ ಬಂದ ದಿನ ಕಚೇರಿಯೊಳಗಿನ ಮನುಷ್ಯರಿಗೆ ಏನಾಗುತ್ತದೆ ಅನ್ನುವುದು ಯಾವ ಸುತ್ತೋಲೆಯಲ್ಲೂ ಬರುವುದಿಲ್ಲ. ನನಗಾದದ್ದನ್ನು ಹೇಳುತ್ತೇನೆ.

ಆ ಯೋಜನೆಗೂ ಮೊದಲೇ ನಮ್ಮ ಸಂಘ ಸ್ವಂತ ಖರ್ಚಿನಲ್ಲಿ ಒಂದು ಕಂಪ್ಯೂಟರ್ ತಂದಿತ್ತು. ನಾವು ಇದ್ದದ್ದು ಐದು ಮಂದಿ. ಅದರಲ್ಲಿ ಒಬ್ಬರು ಹಿರಿಯ ಕಾರಕೂನರು, 26 ವರ್ಷ ಖಿರ್ದಿ ಬರೆದವರು. ನನಗೆ ಆ ಕೆಲಸ ಕಲಿಸಿದವರೂ ಅವರೇ. ನಾನು ಬಿ.ಕಾಂ. ಓದಿದ್ದರಿಂದ ಮೇಲಿನ ಕುರ್ಚಿಗೆ ಹೋದೆ, ಅವರು ಅಲ್ಲೇ ಉಳಿದರು. ಕಂಪ್ಯೂಟರಿಗೆ ಊರ ಹುಡುಗಿ ಒಬ್ಬಳನ್ನು ತೆಗೆದುಕೊಂಡೆವು. ನಾನು ಆ ಹಿರಿಯರನ್ನು ಗೊಬ್ಬರದ ಗೋದಾಮಿಗೆ ಕಳಿಸಿದೆ. ಯಾಕೆ ಅಂತ ಹೇಳಲೂ ಇಲ್ಲ. ಅಲ್ಲಿಯ ತನಕ ನನಗೆ 'ತಮ್ಮಾ' ಅಂತಿದ್ದವರು ಅವತ್ತು 'ಆತ್ರಿ ಸಾಹೇಬ್ರ' ಅಂದು ಎದ್ದು ಹೋದರು.

ಆರು ತಿಂಗಳ ನಂತರ ಒಬ್ಬ ತಾಯಿ ನಮ್ಮ ನೋಟಿಸು ಹಿಡಿದುಕೊಂಡು ಬಂದಳು. ಗಂಡ ತೀರಿಕೊಂಡಿದ್ದ. ಸಾಲ ಬಾಕಿ ಅಂತ ನಾವು ನೋಟಿಸು ಕಳಿಸಿದ್ದೆವು. ಸೆರಗಿನ ಗಂಟು ಬಿಚ್ಚಿ ಪಾವತಿ ತೋರಿಸಿದಳು, ರೊಕ್ಕ ತುಂಬಿದ್ದು ಖರೆ. ಕಂಪ್ಯೂಟರಿನಲ್ಲಿ ಇರಲಿಲ್ಲ. ಹುಡುಗಿ ಅಳಲಿಕ್ಕೆ ಹತ್ತಿದಳು. ನಾನು ಗೋದಾಮಿಗೆ ಹೋದೆ. ಹಿರಿಯರು ಚೀಲ ಎಣಿಸುತ್ತಿದ್ದರು, ತಲೆ ಎತ್ತಲಿಲ್ಲ. "ಆ ಹೆಸರಿನವ್ರು ಊರಾಗ ಮೂರು ಮಂದಿ ಅದಾರ್ರಿ, ಅಡ್ಡಹೆಸರೂ ಒಂದ. ಮ್ಯಾಲಿನ ಓಣ್ಯಾವ್ರ ರೊಕ್ಕ ಹುಣಸಿಗಿಡದ ಮನಿಯವ್ರ ಖಾತೇಕ ಬಿದ್ದಿರಬೇಕು, ನೋಡ್ರಿ" ಅಂದರು. ಹಾಗೇ ಆಗಿತ್ತು. "ಮೊದಲ ಹೇಳಬಾರದಿತ್ತೇನ್ರಿ?" ಅಂದೆ. "ಕೇಳಿದ್ರ ಹೇಳ್ತಿದ್ದೆ" ಅಂದರು.

ತಪ್ಪು ಕಂಪ್ಯೂಟರಿನದೂ ಅಲ್ಲ, ಹುಡುಗಿಯದೂ ಅಲ್ಲ. ಊರು ಬಲ್ಲವರನ್ನು ಗೋದಾಮಿಗೆ ಹಾಕಿ, ಊರಿನ ಲೆಕ್ಕ ಬರೆಸಲು ಹೋದೆನಲ್ಲ, ನನ್ನದು. ಮರುದಿನ ಎರಡು ಕುರ್ಚಿ ಮಗ್ಗಲಿಗೆ ಮಗ್ಗಲು ಹಾಕಿಸಿದೆ. ಮೂರು ತಿಂಗಳು ಅವರು ಖತಾವಣಿ ಓದಿದರು, ಆಕೆ ತಿದ್ದಿದಳು. ಹುಡುಗಿ ಅವರಿಗೆ ಕಂಪ್ಯೂಟರಿನಲ್ಲಿ ಖಾತೆ ತೆಗೆದು ನೋಡುವುದನ್ನು ಕಲಿಸಿದಳು, ಅವರು ಆಕೆಗೆ ಊರಿನ ಮನೆತನಗಳನ್ನು ಕಲಿಸಿದರು. ಆ ಮೂರು ತಿಂಗಳು ನಮ್ಮ ಕಚೇರಿ ಇದ್ದಂತೆ ಮತ್ತೆಂದೂ ಇರಲಿಲ್ಲ.

ಯಾಕೆಂದರೆ ವರ್ಷ ತುಂಬುವುದರೊಳಗೆ ಆಕೆ ಹುಬ್ಬಳ್ಳಿಗೆ ಕೆಲಸಕ್ಕೆ ಹೋದಳು. ಪಗಾರ ಏರಿಸೋಣ ಅಂತ ನಾನು ಸಭೆಯಲ್ಲಿ ಇಟ್ಟಿದ್ದೆ. "ಊರ ಹುಡುಗಿ, ಮನಿ ಊಟ, ಬಸ್ ಖರ್ಚಿಲ್ಲ, ಇಷ್ಟ ಸಾಕು" ಅಂದರು. ಹೋದ ಮೇಲೆ "ಕಲಿಸಿ ಕಳಿಸಿದಂಗಾತು" ಅಂದವರೂ ಅವರೇ. ನಮ್ಮ ಸಂಘಗಳಲ್ಲಿ ಪಗಾರ ಸರಕಾರ ಕೊಡುವುದಲ್ಲ, ಸಂಘದ ಗಳಿಕೆಯಿಂದಲೇ ಬರಬೇಕು. ಆ ಕಷ್ಟ ನನಗೆ ಗೊತ್ತು. ಆದರೆ ಡಿವಿಡೆಂಡ್ ಏರಿಸುವಾಗ ನೆನಪಾಗದ ಬಡತನ ಪಗಾರದ ಹೊತ್ತಿಗೆ ಯಾಕೆ ನೆನಪಾಗುತ್ತದೆ, ಇದನ್ನು ಹಿರಿಯರು ವಿಚಾರ ಮಾಡಬೇಕು.

ನಿರ್ದೇಶಕರಿಗೂ ಒಂದು ಮಾತು, ಸಿಟ್ಟಾಗಬಾರದು. ಹತ್ತು ಹನ್ನೆರಡು ಮಂದಿ ನಿರ್ದೇಶಕರು, ಸಿಪಾಯಿ ಒಬ್ಬ. ಒಬ್ಬರು ಚಹಾ ತಾ ಅಂತಾರೆ, ಒಬ್ಬರು ಉತಾರ ತಾ ಅಂತಾರೆ, ಮತ್ತೊಬ್ಬರು ತಮ್ಮ ಮನೆಯ ಕಾಳಿನ ಚೀಲ ಇಳಿಸಲು ಕರೀತಾರೆ. ಕೆಲಸ ಹೇಳುವವರು ಒಬ್ಬರೇ ಇರಲಿ, ಅದು ಕಾರ್ಯದರ್ಶಿ. ತಪ್ಪಾದರೆ ಅವರನ್ನೇ ಸಭೆಯಲ್ಲಿ ಕೇಳಿರಿ.

ಕೊನೆಯದಾಗಿ ಆ ಹಿರಿಯ ಕಾರಕೂನರ ಮಾತು ಹೇಳಿ ಮುಗಿಸುತ್ತೇನೆ. ಅವರು ನಿವೃತ್ತರಾದ ದಿನ ಶಾಲು ಹೊದಿಸಿದೆವು, ಹಾರ ಹಾಕಿದೆವು, ನಾನೂ ಭಾಷಣ ಮಾಡಿದೆ. ಗ್ರಾಚ್ಯುಟಿಗೆ ಅಂತ ಒಂದು ಪೈಸೆ ತೆಗೆದಿಟ್ಟಿರಲಿಲ್ಲ. ಆಗ ಜಾರಿಯಲ್ಲಿದ್ದ 1972ರ ಕಾಯ್ದೆ ಹತ್ತು ಮಂದಿ ಇದ್ದ ಕಡೆಗೆ, ನಾವು ಐದೇ ಮಂದಿ ಅಂತ ಸಮಾಧಾನ ಮಾಡಿಕೊಂಡಿದ್ದೆವು. ಸಭೆ ಏನೋ ಒಂದಿಷ್ಟು ಕೊಡಲು ಒಪ್ಪಿತು, ಅದೂ ಕಂತಿನಲ್ಲಿ. ಊರಿನ ಮಂದಿಗೆಲ್ಲ ರೊಕ್ಕ ಎಣಿಸಿ ಕೊಟ್ಟವರು ತಮ್ಮ ಕಂತಿಗೆ ಅದೇ ಕಿಟಕಿಯ ಹೊರಗೆ ಬಂದು ನಿಂತರು. ಒಳಗೆ ಕುಂತವನು ನಾನು.

ನಿಮ್ಮ ವಾರ್ಷಿಕ ಮಹಾಸಭೆ ಸೆಪ್ಟೆಂಬರಿನಲ್ಲಿ ಇದೆ ಎಂದು ಅಧ್ಯಕ್ಷರು ಹೇಳಿದರು. ಅವತ್ತು ವರದಿ ಪುಸ್ತಕ ಕೈಗೆ ಬಂದಾಗ ಡಿವಿಡೆಂಡಿನ ಹಾಳೆ ಆದ ಮೇಲೆ ನೌಕರರ ಖರ್ಚಿನ ಹಾಳೆಯನ್ನೂ ತೆಗೆಯಿರಿ. ಪಗಾರ ಎಷ್ಟು, ನಿವೃತ್ತಿಗೆ ಅಂತ ಎಷ್ಟು ತೆಗೆದಿಟ್ಟೀರಿ ಎಂದು ಎದ್ದು ನಿಂತು ಕೇಳಿರಿ. ನಮ್ಮ ಸಂಘದಲ್ಲಿ ಯಾರೂ ಕೇಳಿರಲಿಲ್ಲ.