ಯಾರ್ಕ್‌ಟೌನಿನ ಕಡಲು, ನಗರದ ಘಟ್ಟ



 ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯಿಂದ ಈ ಇತಿಹಾಸ ಸಮ್ಮೇಳನ ಸೇರಿರುವ ಭದ್ರಾವತಿಯ ಕಾಗದನಗರಕ್ಕೆ ಹೆಸರು ಬಂತು. ನಾಡಿನ ಪತ್ರಿಕೆಗಳಿಗೆ ಕಾಗದ ಕೊಟ್ಟ ಊರು ಇದು. ಇತಿಹಾಸ ಉಳಿಯುವುದು ಕಾಗದದ ಮೇಲೆ. ಈ ಮಾತನ್ನು ಕೊನೆಯಲ್ಲಿ ನಿಮ್ಮ ಮುಂದೆ ಇಡಲಿರುವ ಒಂದು ಕೋರಿಕೆಗಾಗಿ ಹೇಳುತ್ತಿದ್ದೇನೆ.

ನಮ್ಮ ತರಗತಿಗಳಲ್ಲಿ ಅಮೆರಿಕದ ಸ್ವಾತಂತ್ರ್ಯ ಸಮರ ಒಂದು ಅಧ್ಯಾಯ, ಮೈಸೂರು ಯುದ್ಧಗಳು ಇನ್ನೊಂದು ಅಧ್ಯಾಯ. ಎರಡನ್ನೂ ಓದುವ ಹುಡುಗನಿಗೆ ಅವು ಒಂದೇ ಕಾಲದಲ್ಲಿ, ಒಂದೇ ಶತ್ರುವಿನ ಎದುರು, ಒಂದಕ್ಕೊಂದು ಹೆಣೆದುಕೊಂಡು ನಡೆದವೆಂಬುದು ಗೊತ್ತಾಗುವುದಿಲ್ಲ. ಆ ಸಮರದ ಒಂದು ರಣರಂಗ ನಮ್ಮ ಹೊಸನಗರ ತಾಲ್ಲೂಕಿನ ನಗರದಲ್ಲೇ, ಅಂದರೆ ಹಳೆಯ ಬಿದನೂರಿನಲ್ಲೇ, ಇತ್ತು ಎಂದು ಇಂದು ನಿಮ್ಮ ಮುಂದೆ ಹೇಳಬಯಸುತ್ತೇನೆ.

ಹೆಣಿಗೆ ಎಲ್ಲಿಂದ ಶುರುವಾಯಿತು ನೋಡೋಣ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್‌ಟನ್ ಮತ್ತು ಕಾಂಕರ್ಡ್‌ನಲ್ಲಿ ಗುಂಡು ಹಾರಿತು. ಜೂನ್ ತಿಂಗಳಲ್ಲಿ ವಸಾಹತುಗಳ ಕಾಂಗ್ರೆಸ್ ಜಾರ್ಜ್ ವಾಷಿಂಗ್ಟನ್ನರನ್ನು ಸೇನಾಧಿಪತಿಯಾಗಿ ನೇಮಿಸಿತು. 1776ರ ಆಗಸ್ಟಿನಲ್ಲಿ ಲಾಂಗ್ ಐಲೆಂಡಿನಲ್ಲಿ ಅವರು ದೊಡ್ಡ ಸೋಲುಂಡರು. ಆದರೆ ರಾತ್ರೋರಾತ್ರಿ ಸೈನ್ಯವನ್ನು ದೋಣಿಗಳಲ್ಲಿ ಹೊಳೆ ದಾಟಿಸಿ ಉಳಿಸಿಕೊಂಡರು. ಅದೇ ವರ್ಷದ ಡಿಸೆಂಬರ್ 26ರ ಬೆಳಿಗ್ಗೆ, ಹಿಮಗಡ್ಡೆ ತೇಲುತ್ತಿದ್ದ ಡೆಲವೇರ್ ನದಿ ದಾಟಿ ಬಂದು, ಟ್ರೆಂಟನ್‌ನಲ್ಲಿದ್ದ ಜರ್ಮನ್ ಬಾಡಿಗೆ ಪಡೆಯನ್ನು ಸೆರೆಹಿಡಿದರು. ವಾಷಿಂಗ್ಟನ್ ಗೆದ್ದ ಕಾಳಗಗಳಿಗಿಂತ ಸೋತ ಕಾಳಗಗಳೇ ಹೆಚ್ಚು. ಸೋತರೂ ಸೈನ್ಯ ಚದುರದಂತೆ ನೋಡಿಕೊಂಡದ್ದು ಅವರ ದೊಡ್ಡಸ್ತಿಕೆ. 1777-78ರ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಶಿಬಿರದಲ್ಲಿ ಅನ್ನ, ಬಟ್ಟೆ, ಪಾದರಕ್ಷೆಗಳಿಲ್ಲದೆ ನರಳಿದ ಆ ಪಡೆಗೆ ಪ್ರಷ್ಯದ ವಾನ್ ಸ್ಟ್ಯೂಬೆನ್ ಕವಾಯತು ಕಲಿಸಿದ. ವಸಂತ ಬರುವ ಹೊತ್ತಿಗೆ ಅದು ಶಿಸ್ತಿನ ಸೈನ್ಯವಾಗಿತ್ತು.

1777ರ ಅಕ್ಟೋಬರ್ 17ರಂದು ಸಾರಟೋಗದಲ್ಲಿ ಇಂಗ್ಲಿಷ್ ಜನರಲ್ ಬರ್ಗೋಯ್ನ್ ತನ್ನ ಸೇನೆಯೊಂದಿಗೆ ಶರಣಾದ. ಬಂಡಾಯಗಾರರು ಗೆಲ್ಲಬಲ್ಲರೆಂಬ ನಂಬಿಕೆ ಫ್ರಾನ್ಸಿಗೆ ಹುಟ್ಟಿತು. 1778ರ ಫೆಬ್ರವರಿಯಲ್ಲಿ ಅದು ಅಮೆರಿಕದೊಂದಿಗೆ ಒಪ್ಪಂದಕ್ಕೆ ಸಹಿಹಾಕಿತು. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಹತ್ತಿಕೊಂಡಿತು. ಆ ಯುದ್ಧದ ನೆಪದಲ್ಲಿ ಇಂಗ್ಲಿಷರು 1779ರ ಮಾರ್ಚಿನಲ್ಲಿ ಮಲಬಾರಿನ ಫ್ರೆಂಚ್ ಬಂದರು ಮಾಹೆಯನ್ನು ಹಿಡಿದರು. ಹೈದರಾಲಿಗೆ ಮದ್ದುಗುಂಡು ಬರುತ್ತಿದ್ದ ಬಾಗಿಲು ಅದು. ಆ ಬಂದರಿಗೆ ತನ್ನ ರಕ್ಷಣೆ ಇದೆಯೆಂದು ಹೈದರ್ ಮೊದಲೇ ಎಚ್ಚರಿಸಿದ್ದ. 1780ರ ಜುಲೈನಲ್ಲಿ ಅವನ ಸೈನ್ಯ ಘಟ್ಟವಿಳಿದು ಕರ್ನಾಟಿಕ್ ಪ್ರಾಂತ್ಯಕ್ಕೆ ನುಗ್ಗಿತು. ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ನಿರ್ನಾಮವಾಯಿತು. ಕಬ್ಬಿಣದ ಕೊಳವೆಯ ಮೈಸೂರು ಬಾಣಗಳು ಅಲ್ಲಿ ಸಿಡಿದವು. ಕಬ್ಬಿಣದ ಕಾರ್ಖಾನೆಯ ಊರಾದ ಭದ್ರಾವತಿಯವರಿಗೆ ಆ ಕೊಳವೆಯ ಬೆಲೆ ನಾನು ವಿವರಿಸಬೇಕಿಲ್ಲ.

ಈ ಸುದ್ದಿ ಕಡಲಾಚೆಗೂ ಮುಟ್ಟಿತು. ಪೆನ್ಸಿಲ್ವೇನಿಯದವರು ತಮ್ಮ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರನ್ನೇ ಇಟ್ಟರು. 1782ರ ಏಪ್ರಿಲ್‌ನಲ್ಲಿ, ಜೋಶುವ ಬಾರ್ನಿ ಎಂಬ ತರುಣನ ನಾಯಕತ್ವದಲ್ಲಿ, ಆ ನೌಕೆ ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲಶಾಲಿಯಾದ ಬ್ರಿಟಿಷ್ ನೌಕೆ ಜನರಲ್ ಮಂಕ್ ಅನ್ನು ಸೆರೆಹಿಡಿಯಿತು.

ಈಗ ಎರಡು ಕೋಟೆಗಳನ್ನು ಒಟ್ಟಿಗೆ ನೋಡೋಣ. ವರ್ಜೀನಿಯದ ಯಾರ್ಕ್‌ಟೌನ್‌ನಲ್ಲಿ ಇಂಗ್ಲಿಷ್ ಸೇನಾನಿ ಲಾರ್ಡ್ ಕಾರ್ನ್‌ವಾಲಿಸ್ ಕಡಲನ್ನು ನಂಬಿ ಕುಳಿತಿದ್ದ. ಅದಕ್ಕೂ ಮುಂಚೆ ದಕ್ಷಿಣದಲ್ಲಿ ಅಮೆರಿಕದ ಸೇನಾನಿ ನಥಾನಿಯಲ್ ಗ್ರೀನ್ ಅವನನ್ನು ಸತಾಯಿಸಿದ್ದ. 1781ರ ಮಾರ್ಚಿನ ಗಿಲ್ಫರ್ಡ್ ಕಾಳಗದಲ್ಲಿ ಗೆದ್ದದ್ದು ಕಾರ್ನ್‌ವಾಲಿಸನೇ, ಆದರೆ ಆ ಗೆಲುವಿಗೆ ತನ್ನ ಪಡೆಯ ಕಾಲು ಭಾಗವನ್ನು ತೆತ್ತಿದ್ದ. ಸೆಪ್ಟೆಂಬರ್ 5ರಂದು ಫ್ರೆಂಚ್ ನೌಕಾಧಿಪತಿ ದ ಗ್ರಾಸ್ ಚೆಸಪೀಕ್ ಕೊಲ್ಲಿಯ ಬಾಯಿ ಕಟ್ಟಿದ. ನೆಲದ ಕಡೆಯಿಂದ ವಾಷಿಂಗ್ಟನ್ನರೂ ಫ್ರೆಂಚ್ ಸೇನಾನಿ ರೋಷಾಂಬೊನೂ ಬಂದರು. ಅಕ್ಟೋಬರ್ 19ರಂದು ಕಾರ್ನ್‌ವಾಲಿಸನ ಸೇನೆ ಆಯುಧ ಕೆಳಗಿಟ್ಟಿತು.

ಸುಮಾರು ಒಂದೂವರೆ ವರ್ಷದ ನಂತರ ಅಂಥದೇ ಘಟನೆ ಮಲೆನಾಡಿನಲ್ಲಿ ನಡೆಯಿತು. 1782ರ ಡಿಸೆಂಬರ್ 7ರಂದು ಹೈದರ್ ತೀರಿಕೊಂಡ. ಮುಂಬಯಿಯ ಜನರಲ್ ಮ್ಯಾಥ್ಯೂಸ್ ಕರಾವಳಿಯಲ್ಲಿ ಇಳಿದು, ಹೊಸಂಗಡಿ ಘಟ್ಟ ಹತ್ತಿ, 1783ರ ಜನವರಿಯಲ್ಲಿ ಬಿದನೂರು ನಗರಕ್ಕೆ ಬಂದ. ಅಲ್ಲಿನ ಅಧಿಕಾರಿ ಅಯಾಜ್ ಕಾದಾಡದೆ ಕೋಟೆ ಒಪ್ಪಿಸಿದ. ಆದರೆ ಮ್ಯಾಥ್ಯೂಸ್ ತನ್ನ ಪಡೆಯನ್ನು ಹತ್ತಾರು ಕಡೆ ಹಂಚಿಹಾಕಿದ್ದ. ಲೂಟಿಯ ಹಣಕ್ಕಾಗಿ ಅವನ ಅಧಿಕಾರಿಗಳಲ್ಲೇ ಜಗಳವಿತ್ತು. ತಮಿಳು ನಾಡಿನಿಂದ ಧಾವಿಸಿ ಬಂದ ಹೈದರನ ಮಗ ಟಿಪ್ಪು ಮೊದಲು ಮಾಡಿದ್ದು ಘಟ್ಟದ ದಾರಿಗಳನ್ನು ಕಟ್ಟುವ ಕೆಲಸ. ಕರಾವಳಿಯ ಸಂಪರ್ಕ ಕಡಿದುಹೋಯಿತು. ಏಪ್ರಿಲ್ ಕೊನೆಯ ಹೊತ್ತಿಗೆ ಮ್ಯಾಥ್ಯೂಸ್ ಶರಣಾದ. ಸಮುದ್ರದಿಂದ ಬೇರ್ಪಟ್ಟ ಇಂಗ್ಲಿಷ್ ಸೇನೆ ಉಳಿಯಲಾರದು ಎಂಬುದನ್ನು ಯಾರ್ಕ್‌ಟೌನ್‌ನಲ್ಲಿ ದ ಗ್ರಾಸ್ ತೋರಿಸಿದ, ನಗರದಲ್ಲಿ ಟಿಪ್ಪು ತೋರಿಸಿದ.

ಹಾಗಿದ್ದರೆ ಅಮೆರಿಕ ಸ್ವತಂತ್ರವಾಗಿ ಮೈಸೂರು ಯಾಕೆ ಬೀಳಬೇಕಾಯಿತು? ಶೌರ್ಯದ ಕೊರತೆಯಿಂದಲ್ಲ. ಇದಕ್ಕೆ ಉತ್ತರ ಮಂಗಳೂರಿನಲ್ಲಿದೆ. ನಗರ ಗೆದ್ದ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದಾಗ ಫ್ರೆಂಚ್ ತುಕಡಿ ಜೊತೆಗಿತ್ತು. ಯುರೋಪಿನಲ್ಲಿ ಶಾಂತಿಯಾಯಿತೆಂಬ ಸುದ್ದಿ ಬಂದದ್ದೇ ಫ್ರೆಂಚರು ಮುತ್ತಿಗೆಯ ನಡುವೆಯೇ ಹಿಂದೆ ಸರಿದರು. ಅಮೆರಿಕಕ್ಕೆ ಬಿಡುಗಡೆ ತಂದ ಅದೇ ಶಾಂತಿ ಮೈಸೂರನ್ನು ಒಂಟಿ ಮಾಡಿತು. ಮರಾಠರು ಅದಕ್ಕೂ ಮೊದಲೇ, 1782ರ ಸಾಲ್ಬಾಯಿ ಒಪ್ಪಂದದಲ್ಲಿ, ಇಂಗ್ಲಿಷರೊಂದಿಗೆ ರಾಜಿಯಾಗಿದ್ದರು. ಆದರೂ 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಟಿಪ್ಪು ಸಮಸಮನಾಗಿ ಕೂತು ಸಹಿಹಾಕಿದ ಎಂಬುದು ಸಣ್ಣ ಮಾತಲ್ಲ.

ಸೋತು ಪಾಠ ಕಲಿತವನು ಕಾರ್ನ್‌ವಾಲಿಸ್. 1786ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಅವನು 1791ರ ಮಾರ್ಚಿನಲ್ಲಿ ಬೆಂಗಳೂರು ಹಿಡಿದ. ಆದರೆ ಶ್ರೀರಂಗಪಟ್ಟಣದವರೆಗೆ ಹೋಗಿ, ಆಹಾರವಿಲ್ಲದೆ, ತನ್ನ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಮತ್ತೆ ಹೊರಟಾಗ ಬಣಜಾರರ ಎತ್ತುಗಳ ಮೇಲೆ ಧಾನ್ಯವಿತ್ತು, ಮರಾಠರೂ ನಿಜಾಮನೂ ಜೊತೆಗಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಮರಾಠ ಸೇನಾನಿ ಪರಶುರಾಮ ಭಾವು ಮತ್ತು ಇಂಗ್ಲಿಷರ ಕ್ಯಾಪ್ಟನ್ ಲಿಟ್ಲ್ ಇದೇ ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರು ಕೋಟೆಯನ್ನು ಹಿಡಿದರು. ಡಿಸೆಂಬರ್ 29ರಂದು, ಒಂದು ಪಕ್ಕಕ್ಕೆ ತುಂಗೆ, ಇನ್ನೊಂದು ಪಕ್ಕಕ್ಕೆ ದಟ್ಟ ಕಾಡು ಇದ್ದ ಜಾಗದಲ್ಲಿ ಟಿಪ್ಪುವಿನ ಸೇನಾನಿ ರೆಜಾ ಸಾಹೇಬನನ್ನು ಸೋಲಿಸಿದರು. ಕೆಲವೇ ದಿನಗಳಲ್ಲಿ ಶಿವಮೊಗ್ಗದ ಕೋಟೆ ಬಿತ್ತು. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಯಿತು.

ಇದರಿಂದ ನಾನು ಕಂಡುಕೊಂಡ ಸತ್ಯ ಇಷ್ಟು: ಕಾಳಗವನ್ನು ಸೇನಾನಿ ಗೆಲ್ಲಬಲ್ಲ, ಸಮರವನ್ನು ಗೆಲ್ಲುವುದು ಅವನ ಬೆನ್ನಿಗಿರುವ ಜನ, ಧಾನ್ಯ, ಗೆಳೆತನ. ವಾಷಿಂಗ್ಟನ್ನರ ಬೆನ್ನಿಗೆ ಹದಿಮೂರು ವಸಾಹತುಗಳ ಕಾಂಗ್ರೆಸ್ ಇತ್ತು. ಸೈನ್ಯ ಯಾವೊಬ್ಬನ ಆಸ್ತಿಯೂ ಆಗಿರಲಿಲ್ಲ. 1783ರ ಡಿಸೆಂಬರ್ 23ರಂದು ಅನಾಪೊಲಿಸ್‌ನಲ್ಲಿ ಅವರು ಸೇನಾಧಿಪತ್ಯವನ್ನು ಆ ಕಾಂಗ್ರೆಸ್ಸಿಗೇ ಹಿಂದಿರುಗಿಸಿದರು. ಗೆದ್ದ ಯಾವ ಕಾಳಗಕ್ಕಿಂತಲೂ ಅದು ಮಿಗಿಲಾದ ಕಾರ್ಯವೆಂದು ನನ್ನ ನಂಬಿಕೆ. ಮೈಸೂರಿನಲ್ಲಿ ಎಲ್ಲವೂ ಒಬ್ಬ ದೊರೆಯ ಹೆಗಲ ಮೇಲಿತ್ತು. ನಗರದ ಜನರಿಗೆ ಹೈದರ್ ಪರಕೀಯನೇ ಆಗಿದ್ದ. 1763ರಲ್ಲಿ ಕೆಳದಿಯ ರಾಣಿ ವೀರಮ್ಮಾಜಿಯಿಂದ ಅವನು ಬಿದನೂರನ್ನು ಕಿತ್ತುಕೊಂಡು ಇಪ್ಪತ್ತು ವರ್ಷವಷ್ಟೇ ಕಳೆದಿತ್ತು. ಇದನ್ನು ಮರೆಮಾಚುವ ಇತಿಹಾಸ ನಮಗೆ ಬೇಡ. ಸ್ವಾತಂತ್ರ್ಯ ಸಾರಿದ ಅಮೆರಿಕ ಲಕ್ಷಾಂತರ ಕರಿಯರನ್ನು ಗುಲಾಮಗಿರಿಯಲ್ಲೇ ಇಟ್ಟಿತು, ವಾಷಿಂಗ್ಟನ್ನರೂ ಗುಲಾಮರ ಒಡೆಯರಾಗಿದ್ದರು ಎಂಬುದನ್ನೂ ಮರೆಯುವುದು ಬೇಡ. ನಾಯಕರನ್ನು ಗೌರವಿಸೋಣ, ಪೂಜಿಸುವುದು ಬೇಡ.

ಸಮ್ಮೇಳನದ ಮುಂದೆ ಎರಡು ಕೋರಿಕೆ ಇಡುತ್ತೇನೆ. ಅಧ್ಯಾಪಕರು ಸಾರಟೋಗದ ಪಾಠ ಮಾಡಿದ ದಿನವೇ ಮಾಹೆಯ ಹೆಸರು ಹೇಳಲಿ, ಯಾರ್ಕ್‌ಟೌನ್ ಹೇಳಿದ ದಿನವೇ ಮಕ್ಕಳನ್ನು ನಗರದ ಕೋಟೆಗೆ ಕರೆದೊಯ್ಯುವ ಮಾತಾಡಲಿ. ಎರಡನೆಯದು ಕಾಗದದ ಮಾತು. ಈ ಯುದ್ಧಗಳ ಬಗ್ಗೆ ನಾವು ಬಲ್ಲದ್ದರಲ್ಲಿ ಬಹುಪಾಲು ಇಂಗ್ಲಿಷ್ ಅಧಿಕಾರಿಗಳು ಬರೆದದ್ದು. ನಮ್ಮ ಮಠಗಳಲ್ಲಿ, ಶಾನುಭೋಗರ ಮನೆಗಳ ಅಟ್ಟದ ಮೇಲೆ ಕಡತ, ಕೈಫಿಯತ್ತು, ಮೋಡಿ ಬರಹಗಳು ಗೆದ್ದಲು ಹಿಡಿಯುತ್ತಿವೆ. ಹೊಳೆಹೊನ್ನೂರಿನಿಂದ ನಗರದವರೆಗೆ, ಊರೂರಿನ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಅವನ್ನು ಹುಡುಕಿ, ಮನೆಯವರ ಒಪ್ಪಿಗೆ ಪಡೆದು, ಚಿತ್ರ ತೆಗೆದು ಉಳಿಸಬೇಕು. ಕಾಡಿನ ದಾರಿ ತೋರಿಸಿದವನ, ಅಕ್ಕಿ ಹೊತ್ತವನ, ಗದ್ದೆ ಕಳೆದುಕೊಂಡವಳ ಹೆಸರು ಸಿಗುವುದಿದ್ದರೆ ಅಲ್ಲೇ ಸಿಗಬೇಕು. ಈ ಕೆಲಸ ಇಂದಿನ ಸಮ್ಮೇಳನದ ನಿರ್ಣಯವಾಗಲಿ, ಮುಂದಿನ ಸಮ್ಮೇಳನ ಅದರ ವರದಿಯಿಂದಲೇ ಆರಂಭವಾಗಲಿ.